ನಾಳೆ ಬನ್ನಿ

ವೆಂಕೋಬನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ಪೆನ್ನು ನನ್ನ ಕಡೆಗೇ ತಿರುಗುತ್ತದೆ. ನಮ್ಮೂರು ತಳಕಲ್ಲಿನಲ್ಲಿ ಅವನಷ್ಟು ಚೆನ್ನಾಗಿ ಮರ ಉರುಳಿಸುವವನು ಇನ್ನೊಬ್ಬನಿಲ್ಲ. ಈ ಒಂದು ಸಾಲು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಯಾಕೆಂದರೆ ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸಣ್ಣಪುಟ್ಟ ಹೊಟ್ಟೆಕಿಚ್ಚಲ್ಲ, ಬೆಳಿಗ್ಗೆ ಅವನ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಕುಡಿಯುತ್ತಿದ್ದ ಚಹಾ ಕಹಿಯಾಗುವಂಥದ್ದು.

ನಾವಿಬ್ಬರೂ ಒಂದೇ ಓಣಿಯವರು, ಒಂದೇ ವಾರಿಗೆಯವರು. ಅವನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಅಪ್ಪನ ಹಿಂದೆ ಕೊಡಲಿ ಹಿಡಿದು ಹೋದ. ನಾನು ಓದಿದೆ. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಕೊಪ್ಪಳದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಮೈಸೂರಿನಿಂದ ಪದವಿಯ ಜೊತೆಗೆ ಅಲ್ಲಿಯ ಮಾತನ್ನೂ ಕಟ್ಟಿಕೊಂಡು ಬಂದೆ. ಬರ್ರಿ, ಕೂಡ್ರಿ ಎನ್ನುವ ಊರಿನಲ್ಲಿ ನಾನೊಬ್ಬ ಬನ್ನಿ, ಕೂತುಕೊಳ್ಳಿ ಎನ್ನತೊಡಗಿದೆ. ನಮ್ಮ ಕಡೆ ಬನ್ನಿ ಎಂದರೆ ದಸರೆಯಲ್ಲಿ ಎಲೆ ಹಂಚುವ ಮರ, ಬೇರೆ ಅರ್ಥವಿಲ್ಲ. ಕಟ್ಟೆಯ ಮೇಲೆ ಕೂತವರು ಬಿಡುತ್ತಾರೆಯೇ? "ಮಾಸ್ತರ, ಬನ್ನಿ ಅಂದ್ರಿ, ಗಿಡ ಎಲ್ಲೈತ್ರಿ?" ಎಂದು ಕಾಡಿದರು. ನಾನೂ ಹಟಕ್ಕೆ ಬಿದ್ದೆ. ಶಾಲೆಯಲ್ಲಿ, ಕಚೇರಿಯಲ್ಲಿ, ದೂರದವರ ಹತ್ತಿರ ಬನ್ನಿ. ಮನೆಯವರಿಗೆ ಮತ್ತು ಗೆಳೆಯರಿಗೆ ಬಾ. ವೆಂಕೋಬ ಆಗ ಬಾರೋ ಎನಿಸಿಕೊಳ್ಳುವವರ ಪೈಕಿ.

ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ನಮ್ಮಪ್ಪ ಊರಿಗೆ ಮೊದಲ ಟ್ರ್ಯಾಕ್ಟರ್ ತಂದ. ಹಿಂದಿನ ಗಾಲಿ ನನ್ನ ಎದೆಯ ಮಟ್ಟ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅದು ನನ್ನದಾಯಿತು. ಅದರ ಜೊತೆಗೆ ಇನ್ನೊಂದು ದೊಡ್ಡಸ್ತಿಕೆಯೂ ನಮ್ಮ ಮನೆಗಿತ್ತು. ಊರವರು ದಸರೆಗೆ ಬನ್ನಿ ಮುರಿಯಲು ಬರುತ್ತಿದ್ದುದು ನಮ್ಮ ಹೊಲಕ್ಕೆ. ರಸ್ತೆಗೆ ಹತ್ತಿದ ಬದುವಿನ ಮೇಲೆ ಅಜ್ಜನ ಅಜ್ಜನ ಕಾಲದ ಬನ್ನಿ ಮರವಿತ್ತು. ಮೊದಲ ಪೂಜೆ ನಮ್ಮವ್ವ ಮಾರೆವ್ವನದು. ಅವಳು ಕಾಯಿ ಒಡೆದ ಮೇಲೆಯೇ ಉಳಿದವರು ಟೊಂಗೆಗೆ ಕೈ ಹಾಕಬೇಕು. ಆ ಒಂದು ಸಂಜೆ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮರದ ಕೆಳಗೆ ನಿಂತರೆ ಇಡೀ ಊರು ನನ್ನ ಹೊಲದಲ್ಲಿರುತ್ತಿತ್ತು.

ವೆಂಕೋಬನಿಗೆ ಆಗ ಒಂದು ಕೊಡಲಿ, ಒಂದು ಹಾರೆ, ಒಂದು ದಪ್ಪ ಹಗ್ಗ, ಇಷ್ಟೇ ಆಸ್ತಿ. ಒಂದು ಮರ ಕೆಡವಬೇಕಾದರೆ ಎಂಟು ಮಂದಿ ಹಗ್ಗ ಜಗ್ಗಬೇಕು. ಎಂಟು ಮಂದಿಗೂ ಎಲ್ಲಿ ನಿಲ್ಲಬೇಕೆಂದು ಇವನೇ ಹೇಳಬೇಕು. ಎರಡು ಸಾವಿರದ ಎಂಟೊಂಬತ್ತರ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳಿಗೆ ದುಂಡಾಣು ರೋಗ ಬಂತು. ಕಾಯಿ ಸೀಳಿ ಕಪ್ಪಾಗತೊಡಗಿದವು. ಎಕರೆಗಟ್ಟಲೆ ಗಿಡಗಳನ್ನು ಬೇರುಸಹಿತ ಕಿತ್ತು ಸುಡಬೇಕಾಯಿತು. ದೊಡ್ಡ ಟ್ರ್ಯಾಕ್ಟರು ಆ ಸಾಲುಗಳ ನಡುವೆ ಹೋಗುವುದಿಲ್ಲ. ನನ್ನದನ್ನು ಒಬ್ಬರು ಕರೆದೊಯ್ದು, ನೀರಿನ ಪೈಪೆಲ್ಲ ತುಳಿಸಿಕೊಂಡು, ಅರ್ಧ ದಿನಕ್ಕೇ ವಾಪಸು ಕಳಿಸಿದರು. ವೆಂಕೋಬ ಇದನ್ನು ನೋಡಿದ. ನೋಡಿ ಸುಮ್ಮನೆ ಗಂಗಾವತಿಯ ಬಸ್ಸು ಹತ್ತಿದ. ಅಲ್ಲಿಯ ಮರಳಿ ಎಂಬ ಊರಿನ ಗದ್ದೆಯವರೊಬ್ಬರ ಹತ್ತಿರ ಹಳೆಯ ಸಣ್ಣ ಟ್ರ್ಯಾಕ್ಟರೊಂದನ್ನು ಕೊಂಡುಕೊಂಡು ಬಂದ.

2011ರ ಯುಗಾದಿ ಪಾಡ್ಯ ಅವತ್ತು. ಅದನ್ನು ನೇರ ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ. ಎತ್ತಿನ ಬೆನ್ನಿನಷ್ಟೂ ಎತ್ತರವಿರಲಿಲ್ಲ. ಓಣಿಯ ಹೆಂಗಸರೆಲ್ಲ "ಮರಿ ಟ್ರ್ಯಾಕ್ಟರ್ ಬಂತು" ಎಂದು ಹೊರಗೆ ಬಂದರು. ತೊಂಬತ್ತೇಳರಲ್ಲಿ ನಮ್ಮದಕ್ಕೆ ಸೇರಿದ್ದಕ್ಕಿಂತ ಹೆಚ್ಚು ಮಂದಿ. ಅವನು ಕೆಳಗಿಳಿದು ನಮ್ಮವ್ವನ ಕಾಲು ಮುಟ್ಟಿ, "ಅವ್ವಾ, ಮೊದಲ ಕಾಯಿ ನೀನ ಒಡಿಬೇಕು" ಅಂದ. ಅವ್ವ ಕಣ್ಣೊರೆಸಿಕೊಂಡಳು. ನಮ್ಮ ಟ್ರ್ಯಾಕ್ಟರಿಗೆ ಅವಳು ಕಣ್ಣೊರೆಸಿಕೊಂಡದ್ದು ನನಗೆ ನೆನಪಿಲ್ಲ. ವೆಂಕೋಬ ನನ್ನ ಕಡೆ ತಿರುಗಿ ನಕ್ಕಾಗ ನಾನು ಬಾಗಿಲಲ್ಲೇ ನಿಂತು, "ಬನ್ನಿ, ಒಳಗೆ ಬನ್ನಿ" ಅಂದೆ.

"ಇಷ್ಟೆಲ್ಲ ಮರ್ಯಾದಿ ಯಾಕಪಾ?" ಎಂದು ಅವನು ನಕ್ಕ. ಚೇಷ್ಟೆ ಅಂದುಕೊಂಡಿರಬೇಕು.

ಆಮೇಲೆ ಶುರುವಾಯಿತು ನೋಡಿ ಅವನ ಕಾಲ. ದಾಳಿಂಬೆ ಮುಗಿದ ಮೇಲೆ ಕೆರೆಯಂಗಳದ ಬಳ್ಳಾರಿ ಜಾಲಿ. ಅದು ಮುಗಿದ ಮೇಲೆ ಹಿತ್ತಲ ಮರಗಳು, ಗೋಡೆಗೆ ವಾಲಿದವು, ಬಾವಿಗೆ ಬೇರು ಬಿಟ್ಟವು. ಇಕ್ಕಟ್ಟಿನ ಓಣಿಯಲ್ಲೂ ಮರಿ ಟ್ರ್ಯಾಕ್ಟರು ನುಗ್ಗುತ್ತಿತ್ತು. ಕುಷ್ಟಗಿಯಲ್ಲಿ ಮದುವೆಗೆ ಹೋದರೆ, "ತಳಕಲ್ ಅಂದ್ರ ವೆಂಕೋಬನ ಊರೇನ್ರಿ?" ಎಂದು ಕೇಳುತ್ತಿದ್ದರು. ಇಪ್ಪತ್ತು ವರ್ಷ ಪಾಠ ಹೇಳಿದವನ ಊರು ಎಂದು ಯಾರೂ ಕೇಳಲಿಲ್ಲ. ಹಬ್ಬಕ್ಕೆ ಅವ್ವ ಸಿಹಿ ಮಾದಲಿ ಮಾಡಿದರೆ ಮೊದಲ ಡಬ್ಬಿ ವೆಂಕೋಬನಿಗೆ. ನನ್ನ ಹೆಂಡತಿ ಮಹೇಶ್ವರಿಯೂ, "ವೆಂಕೋಬಣ್ಣ ಎಷ್ಟ ನೀಟಾಗಿ ತಗ್ಗು ಮುಚ್ಯಾನ ನೋಡ್ರಿ, ಗಿಡ ಇತ್ತು ಅನ್ನೂದ ಗೊತ್ತಾಗೂದಿಲ್ಲ" ಎನ್ನುವಳು. ನಾನು ಮೂಗು ಮುರಿದು, "ಆ ಮರಿ ಟ್ರ್ಯಾಕ್ಟರೇ? ಅದೊಂದು ಆಟಿಕೆ" ಎನ್ನುತ್ತಿದ್ದೆ.

ಆ ಆಟಿಕೆಯ ಕೆಲಸವನ್ನು ಒಮ್ಮೆ ಹಂಪಣ್ಣನ ಹಿತ್ತಿಲ ಗೋಡೆಯಾಚೆ ಕದ್ದು ನಿಂತು ನೋಡಿದ್ದೇನೆ. ಹಂಪಣ್ಣ ನಮ್ಮ ಬಾಜು ಹೊಲದವರು, ಊರ ಹಿರಿಯರು. ಅವರ ಹಳೆಯ ಹುಣಸೆ ಕೆಡವುವುದಿತ್ತು. ವೆಂಕೋಬ ಹಿಂದಿನ ದಿನವೇ ಬುಡಕ್ಕೆ ಕೊಡಗಟ್ಟಲೆ ನೀರು ಹಾಕಿ ಮಣ್ಣು ನೆನೆಸಿದ್ದ. ಬಂದವನೇ ಮರಕ್ಕೆ ಮೂರು ಸುತ್ತು ಹಾಕಿದ, ಭಾರ ಎತ್ತ ಕಡೆಗಿದೆ ಎಂದು ತಲೆಯೆತ್ತಿ ನೋಡುತ್ತ. ಪಕ್ಕದ ಬೇರು ಬಿಡಿಸಿ ಕೊಡಲಿಯಿಂದ ಕಡಿದ. ಆಳೆತ್ತರಕ್ಕಿಂತ ಮೇಲೆ ಕಾಂಡಕ್ಕೆ ಗೋಣಿಚೀಲ ಸುತ್ತಿ ಸರಪಳಿ ಬಿಗಿದ. ಇನ್ನೊಂದು ತುದಿಗೆ ಉದ್ದನೆಯ ಹಗ್ಗ ಜೋಡಿಸಿ ಟ್ರ್ಯಾಕ್ಟರಿನ ಹಿಂದೆ, ನೆಲದ ಹತ್ತಿರದ ಕೆಳಗಿನ ಹುಕ್ಕಿಗೆ ಸಿಕ್ಕಿಸಿದ. ಆಮೇಲೆ ಒಂದೇ ಸಲ ಎಳೆಯಲಿಲ್ಲ. ಸ್ವಲ್ಪ ಎಳೆದ, ಬಿಟ್ಟ. ಮತ್ತೆ ಎಳೆದ, ಬಿಟ್ಟ. ಮಕ್ಕಳ ಅಲುಗಾಡುವ ಹಲ್ಲು ಕೀಳುತ್ತಾರಲ್ಲ, ಹಾಗೆ. ಅರ್ಧ ತಾಸಿಗೆ ಆ ಹುಣಸೆ ಅವನು ತೋರಿಸಿದ ಜಾಗದಲ್ಲೇ ಮಲಗಿತು. ತಗ್ಗಿಗೆ ಒಂದು ಮುಷ್ಟಿ ಜೋಳ ಹಾಕಿ ಮಣ್ಣು ಮುಚ್ಚಿದ. ನಾನು ಹಲ್ಲು ಕಡಿಯುತ್ತ ಮನೆಗೆ ಬಂದೆ. ಅಷ್ಟು ಚೆಂದದ ಕೆಲಸವನ್ನು ನನ್ನ ಬದುಕಿನಲ್ಲಿ ನಾನೊಂದೂ ಮಾಡಿರಲಿಲ್ಲ.

ಎರಡು ಸಾವಿರದ ಹದಿನೈದರ ದಸರೆಯಲ್ಲಿ ನನ್ನ ಬಾಯಿ ಹತೋಟಿ ತಪ್ಪಿತು. ಅವ್ವ ಬನ್ನಿಗೆ ಕಾಯಿ ಒಡೆದಳು. ಜನ ಎಲೆ ಮುರಿದುಕೊಂಡರು. ಪ್ರತಿ ವರ್ಷ ಮೊದಲ ಎಲೆ ನನ್ನ ಕೈಗೆ ಬರುತ್ತಿತ್ತು. ಆ ವರ್ಷ ಎಲ್ಲರೂ ರಸ್ತೆಯ ಮೇಲಿದ್ದ ಮರಿ ಟ್ರ್ಯಾಕ್ಟರಿನ ಕಡೆ ನಡೆದರು. ಚೆಂಡುಹೂವು, ಬಾಳೆಕಂಬ ಕಟ್ಟಿಕೊಂಡು ನಿಂತಿತ್ತು ಅದು. ಜನ ಅಲ್ಲೇ ವೆಂಕೋಬನಿಗೆ ಎಲೆ ಕೊಟ್ಟು ಅಪ್ಪಿಕೊಂಡರು. ನಾನು ಇಸ್ತ್ರಿ ಅಂಗಿಯಲ್ಲಿ ಒಬ್ಬನೇ ಮರದ ಕೆಳಗೆ ಉಳಿದೆ. ಸಿಟ್ಟು ನೆತ್ತಿಗೇರಿತು. ಆಗ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ, "ನನ್ನ ಬೆಳಿ ತುಳ್ಯಾಕ ಬರ್ತೀರಿ, ಈ ಗಿಡಾನ ಇಲ್ಲದಂಗ ಮಾಡಿಬಿಡ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಹಂಪಣ್ಣ ತಿರುಗಿ ನೋಡಿದರು. ವೆಂಕೋಬನೂ ನೋಡಿದ.

ಮರುವರ್ಷದ ಬೇಸಿಗೆಯಲ್ಲಿ ಹೊಲದ ಆಚೆ ತುದಿಯ ಬೇವಿಗೆ ಸಿಡಿಲು ಬಡಿಯಿತು. ಶ್ರಾವಣದ ಹೊತ್ತಿಗೆ ಮರ ಒಣಗಿ ಪಂಪ್‌ಸೆಟ್ಟಿನ ಕೋಣೆಯ ಕಡೆ ವಾಲಿತು. ವೆಂಕೋಬನನ್ನು ಕರೆಯಿರಿ ಎಂದು ಮಹೇಶ್ವರಿ ಹೇಳಿದ್ದೇ ತಡ, ನಾನು ನನ್ನ ದೊಡ್ಡ ಟ್ರ್ಯಾಕ್ಟರ್ ಹೊರಗೆ ತೆಗೆದೆ. ಸರಪಳಿಯನ್ನು ಹಿಂದೆ ಕೈಗೆ ಸಿಕ್ಕ ಎತ್ತರದಲ್ಲಿ ಸಿಕ್ಕಿಸಿ ಜೋರಾಗಿ ಎಳೆದೆ. ಬೇವು ಜಪ್ಪಯ್ಯ ಅನ್ನಲಿಲ್ಲ. ಟ್ರ್ಯಾಕ್ಟರಿನ ಮುಂದಿನ ಗಾಲಿಗಳೆರಡೂ ಮೇಲೆದ್ದವು. ಇಂಜಿನ್ ತಾನಾಗಿ ಬಂದ್ ಆಗದಿದ್ದರೆ ಅದು ಹಿಂದಕ್ಕೆ ಮಗುಚಿ ನನ್ನ ಮೇಲೇ ಬೀಳುತ್ತಿತ್ತು. ಕಟ್ಟೆಯ ಮೇಲೆ ಎಂಟು ದಿನ ಅದೇ ಮಾತು. "ಮಾಸ್ತರ ಕುದುರಿ ಹತ್ತಿದ್ರಂತ" ಎಂದು ನಗುತ್ತಿದ್ದರು. ವೆಂಕೋಬ ಮಾತ್ರ ಊರಲ್ಲಿರಲಿಲ್ಲ. ತಿಂಗಳಿಂದ ಕುಷ್ಟಗಿ ಕಡೆ ಜಾಲಿ ಕೀಳಲು ಹೋಗಿದ್ದ.

ಕೊನೆಗೆ ಅವನಿಗೇ ಫೋನ್ ಮಾಡಬೇಕಾಯಿತು. ಅವ್ವ ನನ್ನ ತಂಗಿಯ ಬಾಣಂತನಕ್ಕೆ ಮರಳಿಗೆ ಹೋಗಿದ್ದಳು, ಇಲ್ಲದಿದ್ದರೆ ಅವಳಿಂದಲೇ ಮಾಡಿಸುತ್ತಿದ್ದೆ. ಇವನ ಹತ್ತಿರ ಕೆಲಸ ಕೇಳುವುದೆಂದರೆ ನನ್ನ ನಾಲಿಗೆ ಸುಡುತ್ತಿತ್ತು. ಆದ್ದರಿಂದ ಸಾಧ್ಯವಾದಷ್ಟು ದೂರ ನಿಂತು, ಕಚೇರಿಯವರ ಹಾಗೆ, ಚುಟುಕಾಗಿ ಮಾತಾಡಿದೆ. ಅತ್ತ ಕಡೆ ಇಂಜಿನ್ ಸದ್ದು.

"ನಾಳೆ ಬನ್ನಿ. ಕೆಡವಿಬಿಡಿ. ನಮ್ಮ ಹೊಲದಲ್ಲಿ. ನಾನು ಶಾಲೆಗೆ ಹೋಗಿರುತ್ತೇನೆ" ಅಂದೆ. ಊರಿಗೆಲ್ಲ ಗೊತ್ತಿದ್ದ ಬೇವಿನ ಸುದ್ದಿ ಇವನಿಗೂ ಗೊತ್ತಿದ್ದೇ ಇರುತ್ತದೆ ಅಂದುಕೊಂಡಿದ್ದೆ. ಅದರ ಹೆಸರೆತ್ತಿದರೆ ಕುದುರೆಯ ಮಾತು ಬರುತ್ತದೆಂಬ ಅಂಜಿಕೆ ಬೇರೆ.

ಅವನು ಇಂಜಿನ್ ಬಂದ್ ಮಾಡಿದ. ಆಮೇಲೆ, "ಬನ್ನಿನಾ?" ಅಂದ.

ನನ್ನ ಮೈ ಉರಿದುಹೋಯಿತು. ಕಟ್ಟೆಯವರ ಹಾಗೆ ಇವನೂ ನನ್ನ ಮಾತನ್ನು ಆಡಿಕೊಳ್ಳುತ್ತಿದ್ದಾನೆ ಅನ್ನಿಸಿತು. "ಹೌದು, ಬನ್ನಿ" ಅಂದೆ.

"ಖರೇ ಹೇಳಾಕ್ಹತ್ತೀರೇನ್ರಿ? ಬನ್ನಿನ?"

"ಬನ್ನಿ ಅಂದರೆ ಬನ್ನಿ. ಎಷ್ಟು ಸಲ ಹೇಳಬೇಕು ನಿಮಗೆ?"

"ಆತ್ರಿ" ಅಂದ. ಅವನೂ ನನಗೆ ರೀ ಹಚ್ಚಿ ಮಾತಾಡಿದ್ದನ್ನು ನಾನು ಗೆಲುವು ಎಂದೇ ತಿಳಿದೆ.

ಮರುದಿನ ಬೆಳಿಗ್ಗೆ ಬೇಗನೇ ಕೊಪ್ಪಳದ ಬಸ್ಸು ಹಿಡಿದೆ. ನನ್ನಿಂದಾಗದ ಮರವನ್ನು ಅವನು ಉರುಳಿಸುವುದು ನೋಡುವ ಶಕ್ತಿ ನನಗಿರಲಿಲ್ಲ. ಹನ್ನೊಂದು ಗಂಟೆಗೆ ಹಂಪಣ್ಣನ ಫೋನ್ ಬಂತು. ಮತ್ತೆ ಬಂತು, ಮತ್ತೊಮ್ಮೆ ಬಂತು. ವೆಂಕೋಬನನ್ನು ಹೊಗಳಲು ಮಾಡುತ್ತಿದ್ದಾರೆ, ಬೇವು ಎಷ್ಟು ಚೆಂದ ಬಿತ್ತು ಎಂದು ವರ್ಣಿಸುತ್ತಾರೆ, ಅದನ್ನು ಯಾರು ಕೇಳುತ್ತಾರೆ ಎಂದುಕೊಂಡು ಫೋನನ್ನು ಮೇಜಿನ ಖಾನೆಯಲ್ಲಿಟ್ಟು ಪಾಠ ಮಾಡಿದೆ.

ಸಂಜೆ ಬಸ್ಸಿನಿಂದ ಇಳಿದು ಹೊಲದ ಕಡೆ ನೋಡಿದರೆ ದೂರದಲ್ಲಿ ಒಣ ಬೇವು ಹಾಗೇ ನಿಂತಿತ್ತು. ರಸ್ತೆಗೆ ಹತ್ತಿದ ಬದು ಬೋಳಾಗಿತ್ತು. ಬನ್ನಿ ಸಜ್ಜೆಯ ಬೆಳೆಯ ಮೇಲೆ ಅಡ್ಡ ಬಿದ್ದಿತ್ತು. ಬೇರಿಗೆ ಕುಂಕುಮ, ಪಕ್ಕದಲ್ಲಿ ಒಡೆದ ಕಾಯಿ. ನಾನು ಬದುವಿನ ಮೇಲೆ ಕೂತುಬಿಟ್ಟೆ. ಸುತ್ತ ಅರ್ಧ ಊರು ನಿಂತಿತ್ತು. ವೆಂಕೋಬ ಆಗಷ್ಟೇ ಪಂಪ್‌ಸೆಟ್ಟಿನ ಕಡೆಯಿಂದ ಕೈ ತೊಳೆದುಕೊಂಡು ಸಜ್ಜೆಯೊಳಗಿಂದ ಬರುತ್ತಿದ್ದ.

ಹಂಪಣ್ಣ ನನ್ನ ಮುಂದೆ ಬಂದು ನಿಂತರು. "ಒಂದು ತಾಸು ಗಿಡದ ಬುಡಕ್ಕ ಕುಂತಿದ್ದ ಇವ. ಬ್ಯಾಡೋ ಅಂದೆ. ಮಾಸ್ತರ ಎರಡೆರಡು ಸಲ ಹೇಳ್ಯಾರ, ಅವರ ಹೊಲ, ಅವರ ಗಿಡ ಅಂದ. ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾತು. ನೀವ ಹೇಳಿದ್ರೇನು?"

ಅಷ್ಟು ಮುಖಗಳು ನನ್ನ ಬಾಯಿಯನ್ನೇ ನೋಡುತ್ತಿದ್ದವು. ಆಗಲೇ ನನಗೆ ಎಲ್ಲ ತಿಳಿದುಹೋಗಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ನಾನು ಬೇವು ಅಂದಿದ್ದೆ" ಅಂದೆ. ಬೇವು ಎಂಬ ಶಬ್ದ ನನ್ನ ಬಾಯಿಂದ ಬಂದೇ ಇರಲಿಲ್ಲ.

ವೆಂಕೋಬ ನನ್ನನ್ನು ನೋಡಿದ. ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ. "ಹೌದ್ರಿ ಹಂಪಣ್ಣಾರ. ನಾನ ಕೇಳೂದ್ರಾಗ ತಪ್ಪೀನಿ" ಅಂದ.

ಅಂದಿನಿಂದ ಅವನ ಹೆಸರು ಬನ್ನಿ ಕೆಡವಿದಾವ ಎಂದಾಯಿತು. ಕೆಲಸಕ್ಕೆ ಕರೆಯುವುದು ನಿಂತಿತು. ಆ ಕೈಯಿಂದ ತಮ್ಮ ಹಿತ್ತಿಲಿನ ಮಣ್ಣು ಮುಟ್ಟಿಸಲು ಜನ ಹೆದರಿದರು. ಕುಷ್ಟಗಿಯವರೂ ಬೇರೆ ಯಾರನ್ನೋ ಹುಡುಕಿಕೊಂಡರು. ಮರಿ ಟ್ರ್ಯಾಕ್ಟರು ತಾಡಪಾಲಿನ ಕೆಳಗೆ ಸೇರಿತು. ಸುಳ್ಳು ಹೇಳುವುದಿಲ್ಲ, ಮೊದಲ ಎಂಟು ದಿನ ನನಗೆ ಹಿತವಾಗಿಯೇ ಇತ್ತು. ಬೆಳಗಿನ ಸದ್ದಿಲ್ಲದೆ ಚಹಾ ಕುಡಿದೆ. ಕಟ್ಟೆಯ ಮೇಲೆ ಕುದುರೆಯ ಮಾತು ಯಾರೂ ಎತ್ತಲಿಲ್ಲ.

ದಸರೆಗೆ ನಾಲ್ಕು ದಿನವಿರುವಾಗ ಅವ್ವ ಮರಳಿಯಿಂದ ಬಂದಳು. ಬೋಳು ಬದುವಿನ ಮುಂದೆ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಳು. ಮನೆಗೆ ಬಂದು, ವೆಂಕೋಬನ ಮನೆಯ ಡಬ್ಬಿಯೊಂದು ನಮ್ಮ ಮಾಡದಲ್ಲಿತ್ತು, ಅದನ್ನು ತೊಳೆದು ಮಹೇಶ್ವರಿಯ ಕೈಯಲ್ಲಿ ವಾಪಸು ಕಳಿಸಿದಳು. ಖಾಲಿ ಡಬ್ಬಿ. ನಮ್ಮ ಮನೆಯಿಂದ ಖಾಲಿ ಡಬ್ಬಿ ಅವನಿಗೆ ಹೋದದ್ದು ಅದೇ ಮೊದಲು. ಐದು ವರ್ಷದಿಂದ ನಾನು ಬಯಸಿದ್ದು ಅದನ್ನೇ. ಅವತ್ತು ನಾನು ತಾಟು ಸರಿಸಿ ಎದ್ದೆ.

ದಸರೆಯ ಸಂಜೆ ಊರವರು ಬಾಜು ಊರಿನ ಸೀಮೆಗೆ ನಡೆದು ಹೋಗಿ ಬೇರೆಯವರ ಮರದಿಂದ ಬನ್ನಿ ತಂದರು. ಹಿರಿಯಳೆಂದು ಅವ್ವನಿಗೆ ಕೊಡಲು ನಮ್ಮ ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದರು. ಹಂಪಣ್ಣನೂ ಇದ್ದರು. ಕೊನೆಗೆ ವೆಂಕೋಬ ಬಂದ. ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತು, ಎರಡೂ ಕೈಯಲ್ಲಿ ಎಲೆ ಚಾಚಿ ಎಲ್ಲರೂ ಹೇಳುವ ಮಾತನ್ನೇ ಹೇಳಿದ. "ಬನ್ನಿ ತಗೋ ಅವ್ವಾ, ಬಂಗಾರದಂಗ ಇರೂಣು."

ಅವ್ವ ಮುಖ ತಿರುಗಿಸಿದಳು. "ಆ ಕೈಯಾಗಿಂದು ನನಗ ಬ್ಯಾಡ" ಅಂದಳು.

ಅವನ ಕೈ ಹಾಗೇ ಉಳಿಯಿತು. ಮುಂದೆ ಚಾಚಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಎಷ್ಟು ಮರ ಉರುಳಿಸಿದ ಕೈಗಳು ಅವು. ನನ್ನಿಂದ ನೋಡಲಾಗಲಿಲ್ಲ.

"ಅವ್ವಾ, ತಗೋ" ಅಂದೆ. "ನಾ ಬೇವು ಅಂದೇ ಇಲ್ಲ. ನಾಳೆ ಬನ್ನಿ, ಕೆಡವಿಬಿಡಿ ಅಂದೆ. ಬರ್ರಿ ಅನ್ನೂದಕ್ಕ ಬನ್ನಿ ಅಂದೆ. ಬನ್ನಿ ಗಿಡಾನ ಅಂತ ಅವ ಎರಡು ಸಲ ಕೇಳಿದ. ನನ್ನ ಆಡಿಕೊಳ್ಳಾಕ್ಹತ್ಯಾನ ಅಂತ ತಿಳಿದು ಹೌದು ಅಂದೆ. ಹಂಪಣ್ಣಾರ ಫೋನೂ ಬೇಕಂತ ಎತ್ತಲಿಲ್ಲ. ಆಮ್ಯಾಲೆ ನಿಮ್ಮೆಲ್ಲರ ಮುಂದ ಸುಳ್ಳು ಹೇಳಿದೆ."

ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಹಂಪಣ್ಣ ತಲೆ ತಗ್ಗಿಸಿ ಕೈಯಲ್ಲಿದ್ದ ಎಲೆಗಳನ್ನು ನೋಡುತ್ತಿದ್ದರು. ಅವ್ವ ಎದ್ದಳು. ಹೊಸ್ತಿಲು ದಾಟಿ ಹೋಗಿ ವೆಂಕೋಬನ ಎರಡೂ ಕೈಗಳನ್ನು ಎಲೆಸಮೇತ ಹಿಡಿದು ಹಣೆಗೆ ಒತ್ತಿಕೊಂಡಳು.

ಅವಳು ತೆಗೆದುಕೊಂಡು ಉಳಿದ ಎಲೆ ಅವನ ಬಲಗೈಯಲ್ಲಿತ್ತು. ನನ್ನ ಹತ್ತಿರ ಬಂದ.

"ನನಗ ಅವತ್ತ ಗೊತ್ತಾತು" ಅಂದ. "ಕೈ ತೊಳಿಯಾಕ ಹೋದಾಗ ಆ ಒಣಾ ಬೇವು ನೋಡಿದೆ. ಮೈಮ್ಯಾಲೆ ನಿನ್ನ ಸರಪಳಿ ಗಾಯ ಇತ್ತು. ಯಾವ ಗಿಡಕ್ಕ ಕರದಿದ್ದಿ ಅಂತ ತಿಳೀತು."

"ಮತ್ತ ಯಾಕ ಹೇಳಲಿಲ್ಲೋ?"

"ಹೇಳಿದ್ರ ನಿನ್ನ ಮಾತಿಗೆ ಮಂದಿ ಇನ್ನೂ ನಗತಿದ್ರು" ಅಂದ. ಎಲೆಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಕೈ ಬಿಡಲಿಲ್ಲ. "ಒಂದ ಕೇಳ್ತೀನಿ ಗೋವಿಂದರಾಜ. ಸಣ್ಣಾವಿದ್ದಾಗಿಂದ ಬಾರೋ ಅಂತಿದ್ದಿ. ಅವತ್ತೂ ಬಾರೋ ಅಂದಿದ್ರ ಗಿಡ ಉಳೀತಿತ್ತು. ಯಾವಾಗಿಂದ ನಾ ನಿನಗ ಬನ್ನಿ ಆದೆ?"

ಯಾವಾಗಿನಿಂದ ಎಂದು ನನಗೆ ತಿಥಿಸಮೇತ ಗೊತ್ತಿತ್ತು. ಮರಿ ಟ್ರ್ಯಾಕ್ಟರ್ ನಮ್ಮ ಬಾಗಿಲಿಗೆ ಬಂದ ಆ ಯುಗಾದಿ ಪಾಡ್ಯ.